ಕಾಫಿ ತೋಟಕ್ಕೆ ಯಾವ ಸರ್ಟಿಫಿಕೇಟ್? ಮೊದಲು ಅದು ಯಾರ ಹೆಸರಲ್ಲಿ ಅಂತ ಕೇಳಿ

ಕೆಲವು ವರ್ಷ ಕೊಡಗಿನ ನಮ್ಮ ತೋಟದ ಗೇಟಿನಲ್ಲಿ ಪರಿಸರ ಸರ್ಟಿಫಿಕೇಟಿನ ಒಂದು ಹಸಿರು ಬೋರ್ಡ್ ಇತ್ತು. ಒಬ್ಬ ರಫ್ತುದಾರರ ಗುಂಪಿಗೆ ಸೇರಿದ್ದೆವು. ಅವರು ತರಬೇತಿ ಕೊಟ್ಟರು, ಬರೆದಿಡಲು ಡೈರಿ ಕೊಟ್ಟರು, ಮದ್ದು ಹೊಡೆಯುವವರಿಗೆ ಮಾಸ್ಕ್, ಗ್ಲೌಸ್ ಕೊಟ್ಟರು. ವರ್ಷಕ್ಕೊಮ್ಮೆ ಒಬ್ಬರು ಬಂದು ಲೈನ್ ಮನೆಯ (ಕೆಲಸದವರ ಸಾಲು ಮನೆ) ಶೌಚಾಲಯದಿಂದ ಹಿಡಿದು ಮದ್ದಿನ ಕೋಣೆಯ ಬೀಗದವರೆಗೆ ನೋಡಿ ಹೋಗುತ್ತಿದ್ದರು. ಮೂರನೇ ವರ್ಷ ಆ ರಫ್ತುದಾರರು ನಮ್ಮ ಕಡೆ ಖರೀದಿ ನಿಲ್ಲಿಸಿದರು. ಆಗಲಿ, ಬೇರೆಯವರಿಗೆ ಮಾರೋಣ, ಸರ್ಟಿಫೈಡ್ ಕಾಫಿ ಅಲ್ವಾ ಅಂದುಕೊಂಡು ಕುಶಾಲನಗರದ ಒಬ್ಬ ವ್ಯಾಪಾರಿಯ ಹತ್ತಿರ ಹೋದೆ. "ಸರ್ಟಿಫಿಕೇಟ್ ತನ್ನಿ, ನೋಡೋಣ" ಅಂದರು. ನನ್ನ ಹತ್ತಿರ ಇದ್ದದ್ದು ಬೋರ್ಡ್ ಮಾತ್ರ. ಸರ್ಟಿಫಿಕೇಟ್ ಇದ್ದದ್ದು ಗುಂಪಿನ ಹೆಸರಲ್ಲಿ. ಗುಂಪು ಅವರದು.

ಆಮೇಲೆ ಕೂತು ಒಂದೊಂದನ್ನೇ ಓದಿ, ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ. ಐದು ಎಕರೆಯಿಂದ ಐವತ್ತು ಎಕರೆವರೆಗೆ ತೋಟ ಇರುವವರನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದೇನೆ. ದೊಡ್ಡ ಎಸ್ಟೇಟುಗಳಿಗೆ ಇದಕ್ಕೆಂದೇ ಆಫೀಸು, ಆಳುಗಳು ಇರುತ್ತಾರೆ.

ಮೂರು ಬೇರೆ ಬೇರೆ ವಿಷಯ

ಸಭೆಗಳಲ್ಲಿ ಮೂರು ವಿಷಯವನ್ನು ಒಟ್ಟಿಗೆ ಕಲಸಿ ಹೇಳುತ್ತಾರೆ. ಕಂಪನಿಯ ವರದಿ ಒಂದು. ತೋಟದ ಸರ್ಟಿಫಿಕೇಟ್ ಇನ್ನೊಂದು. ಯೂರೋಪಿನ ಕಾನೂನು ಮೂರನೆಯದು. ಇವು ಒಂದಕ್ಕೊಂದು ತಾಗಿಕೊಂಡಿವೆ, ಆದರೆ ಒಂದರ ಬದಲು ಇನ್ನೊಂದನ್ನು ತೋರಿಸಲು ಬರುವುದಿಲ್ಲ.

ಮೊದಲು ಕಂಪನಿಯ ವರದಿ. ನಮ್ಮ ದೇಶದ ಷೇರುಪೇಟೆಯಲ್ಲಿರುವ ಮೊದಲ 1000 ಕಂಪನಿಗಳು 2022-23ರಿಂದ ಬಿಆರ್‌ಎಸ್‌ಆರ್ ಅನ್ನುವ ವರದಿ ಕೊಡಲೇಬೇಕು. ಷೇರುಪೇಟೆಯನ್ನು ನಿಯಂತ್ರಿಸುವ ಸೆಬಿಯ ನಿಯಮ ಅದು. ಎಷ್ಟು ನೀರು ಬಳಸಿದಿರಿ, ಎಷ್ಟು ಕರೆಂಟ್, ಎಷ್ಟು ಕಸ, ಕೆಲಸದವರಿಗೆ ಏನು ಸೌಲಭ್ಯ ಅಂತ ಅದರಲ್ಲಿ ಬರೆಯಬೇಕು. ಹೊಗೆಯ ಲೆಕ್ಕವನ್ನು ಮೂರು ಭಾಗ ಮಾಡುತ್ತಾರೆ. ಕಂಪನಿ ತಾನೇ ಸುಡುವ ಡೀಸೆಲ್, ಗ್ಯಾಸು ಸ್ಕೋಪ್ 1. ಕೊಂಡ ಕರೆಂಟಿನದು ಸ್ಕೋಪ್ 2. ಮಿಕ್ಕ ಸರಪಳಿಯದ್ದೆಲ್ಲ ಸ್ಕೋಪ್ 3. ನಾವು ಗಿಡದ ಬುಡಕ್ಕೆ ಹಾಕುವ ಯೂರಿಯಾ ಇರುವುದು ಈ ಮೂರನೆಯದರಲ್ಲಿ. ಯೂರಿಯಾದಿಂದ ನೈಟ್ರಸ್ ಆಕ್ಸೈಡ್ ಅನ್ನುವ ಗಾಳಿ ಹೊರಡುತ್ತದೆ. ಅದರ ಒಂದು ಕಿಲೋ, ನೂರು ವರ್ಷದ ಲೆಕ್ಕದಲ್ಲಿ, 273 ಕಿಲೋ ಇಂಗಾಲದ ಡೈಆಕ್ಸೈಡಿನಷ್ಟು ಭೂಮಿಯನ್ನು ಬಿಸಿ ಮಾಡುತ್ತದೆ. ಅದಕ್ಕೇ ಈಗೀಗ ಕಾಫಿ ಕೊಳ್ಳುವವರು "ಎಕರೆಗೆ ಎಷ್ಟು ಮೂಟೆ ಗೊಬ್ಬರ" ಅಂತ ಕೇಳುತ್ತಿರುವುದು. ಸುಮ್ನೆ ಕುತೂಹಲಕ್ಕೆ ಕೇಳುತ್ತಿಲ್ಲ, ಅವರ ವರದಿಗೆ ಆ ಅಂಕಿ ಬೇಕು.

ಈ ವರದಿ ಅವರದು. ನಿಮ್ಮ ಅಂಕಿ ಕೊಟ್ಟ ಮಾತ್ರಕ್ಕೆ ನಿಮಗೆ ಸರ್ಟಿಫಿಕೇಟ್ ಸಿಗುವುದಿಲ್ಲ, ಬೆಲೆಯೂ ಏರುವುದಿಲ್ಲ. ಆದರೂ ಆ ಅಂಕಿಗೆ ಬೆಲೆ ಇದೆ. ಪುಕ್ಕಟೆ ಕೊಡುವ ಮುಂಚೆ "ಇದರಿಂದ ನನಗೇನು" ಅಂತ ಒಂದು ಮಾತು ಕೇಳುವುದರಲ್ಲಿ ತಪ್ಪೇನಿಲ್ಲ.

ರೇನ್‌ಫಾರೆಸ್ಟ್ ಅಲಯನ್ಸ್: ಎಲ್ಲರೂ ಮೊದಲು ಕೇಳುವುದು

ಕೊಡಗಿನಲ್ಲಿ ಇದರ ಗುರುತಾದ ಕಪ್ಪೆಯ ಚಿತ್ರ ನೋಡದವರು ಕಡಿಮೆ. 1987ರಲ್ಲಿ ಶುರುವಾದ ಸಂಸ್ಥೆ. ನಮ್ಮಲ್ಲಿ ಅನೇಕರ ಬಳಿ ಇದ್ದ ಉಟ್ಜ್ ಅನ್ನುವ ಇನ್ನೊಂದು ಸರ್ಟಿಫಿಕೇಟ್ 2018ರಲ್ಲಿ ಇದರ ಜೊತೆ ಸೇರಿತು. ಈಗ ಇಬ್ಬರಿಗೂ ಒಂದೇ ನಿಯಮ. ಹಳೆಯ ಉಟ್ಜ್ ಕಾಗದ ಇಟ್ಟುಕೊಂಡು ಕೂತವರಿದ್ದರೆ, ಅದು ಈಗ ನೆನಪಿಗೆ ಮಾತ್ರ.

ಇದು ಕೇಳುವುದನ್ನು ಮೂರು ಕಡೆ ನೋಡಬಹುದು. ಮೊದಲನೆಯದು ಕಾಡು. 2014ರ ಜನವರಿ 1ರ ನಂತರ ಕಾಡು ಕಡಿದು ತೋಟ ಮಾಡಿದ್ದರೆ ಆಗುವುದಿಲ್ಲ. ತೋಟದಲ್ಲಿ ಸಹಜವಾದ ಗಿಡಮರ ಇರಬೇಕು. ಕಾಫಿಯಂಥ ನೆರಳಿನ ಬೆಳೆಗೆ ಶೇ 15ರಷ್ಟು ಜಾಗ ಅಂಥದ್ದಿರಬೇಕು, ಅದನ್ನು ಕೆಲವು ವರ್ಷಗಳಲ್ಲಿ ಮುಟ್ಟಿದರೆ ಸಾಕು. ನಮ್ಮ ಹಳೆಯ ತೋಟಗಳಿಗೆ ಇದು ಕಷ್ಟವೇ ಅಲ್ಲ. ಅತ್ತಿ, ನಂದಿ, ಹಲಸು, ಬೈನೆ ಇರುವ ತೋಟಕ್ಕೆ ಇದರಲ್ಲಿ ಹೊಸದೇನೂ ಇಲ್ಲ. ಕಷ್ಟ ಆಗುವುದು ಸಿಲ್ವರ್ (ಸಿಲ್ವರ್ ಓಕ್ ಮರ) ಮಾತ್ರ ಉಳಿಸಿಕೊಂಡ ತೋಟಕ್ಕೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ಸಿಲ್ವರ್ ನೆಟ್ಟವರನ್ನು ಬೈಯುವುದು ಸುಲಭ. ಆದರೆ ಸಿಲ್ವರ್ ನೆಟ್ಟಗೆ ಬೆಳೆಯುತ್ತದೆ, ಮೆಣಸಿನ ಬಳ್ಳಿಗೆ ಒಳ್ಳೆಯದು, ಬೇಕಾದಾಗ ಕಡಿದು ಮಾರಬಹುದು. ಕಾಡುಮರಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು. ಜಾಗ ರಿಡೀಮ್ ಆಗಿರದಿದ್ದರೆ, ಅಂದರೆ ಮರದ ಬೆಲೆಯನ್ನು ಸರ್ಕಾರಕ್ಕೆ ಕಟ್ಟಿ ಬಿಡಿಸಿಕೊಂಡಿರದಿದ್ದರೆ, ಮರದ ಹಕ್ಕು ಸರ್ಕಾರದ್ದು. ಮರ ಉಳಿಸಿದವನಿಗೆ ತೊಂದರೆ, ತೆಗೆದವನಿಗೆ ದುಡ್ಡು ಅನ್ನುವ ಲೆಕ್ಕ ನಮ್ಮ ಕಡೆ ತುಂಬಾ ಹಳೆಯದು. ಕಪ್ಪೆಯ ಬೋರ್ಡ್ ಆ ಲೆಕ್ಕವನ್ನು ಸ್ವಲ್ಪ ತಿರುಗಿಸುತ್ತದೆ. ಸ್ವಲ್ಪ ಮಾತ್ರ.

ಎರಡನೆಯದು ಮದ್ದು. ನಿಷೇಧದ ಪಟ್ಟಿ ಉದ್ದ ಇದೆ. ಪ್ಯಾರಾಕ್ವಾಟ್ ಅನ್ನುವ ಕಳೆನಾಶಕ ಅದರಲ್ಲಿದೆ. ಆಳುಗಳ ಕೊರತೆಯಿಂದ ಕಳೆನಾಶಕಕ್ಕೆ ಅಂಟಿಕೊಂಡವರಿಗೆ ಇದೇ ದೊಡ್ಡ ಬದಲಾವಣೆ. ಅದು ಬೇಡ ಅಂತ ಗ್ಲೈಫೋಸೇಟ್ ಕಡೆ ತಿರುಗುವವರೂ ಎಚ್ಚರ ಇರಬೇಕು. 2022ರಿಂದ ನಮ್ಮ ಸರ್ಕಾರವೇ ಅದನ್ನು ಪರವಾನಗಿ ಇರುವ ಕೀಟ ನಿಯಂತ್ರಕರು ಮಾತ್ರ ಹೊಡೆಯಬೇಕು ಅಂದಿದೆ. ಇನ್ನು ಕಾಯಿಕೊರಕಕ್ಕೆ ಕ್ಲೋರ್‌ಪೈರಿಫಾಸ್ ಹೊಡೆಯುವ ರೂಢಿ ಇದ್ದವರು ನೆನಪಿಡಿ, ಯೂರೋಪ್ 2020ರಲ್ಲೇ ಅದನ್ನು ನಿಲ್ಲಿಸಿದೆ. ಸರ್ಟಿಫಿಕೇಟ್ ಇರಲಿ, ಬಿಡಲಿ, ಬೀಜದಲ್ಲಿ ಅದರ ಉಳಿಕೆ ಸಿಕ್ಕರೆ ಮಾಲು ವಾಪಸ್ಸು.

ಮೂರನೆಯದು ಕೆಲಸದವರು. ಆಡಿಟರ್ ನಿಮ್ಮ ಜೊತೆ ಕಾಫಿ ಕುಡಿದು ಹೋಗುವುದಿಲ್ಲ. ಮೇಸ್ತ್ರಿಯನ್ನು ಆಚೆ ಕಳಿಸಿ, ಕೊಯ್ಲಿಗೆ ಬಂದವರ ಹತ್ತಿರ ಕೂತು ಕೇಳುತ್ತಾರೆ. ಕೂಲಿ ಎಷ್ಟು, ಯಾವಾಗ ಕೊಡುತ್ತಾರೆ, ಮಕ್ಕಳು ಎಲ್ಲಿ, ಕುಡಿಯುವ ನೀರು ಎಲ್ಲಿಂದ. ಹಾಜರಿ, ಕೂಲಿ ಬರೆಯುವ ಚೆಕ್‌ರೋಲ್ ನೋಡುತ್ತಾರೆ. ಅಸ್ಸಾಮಿನಿಂದ ಬಂದವರ ವಯಸ್ಸಿನ ದಾಖಲೆ ಕೇಳುತ್ತಾರೆ. ನಮ್ಮ ಮನೆಯಲ್ಲಿ ಇದಕ್ಕೆ ಸಿಟ್ಟು ಬಂದಿತ್ತು. ಈಗ ಅನ್ನಿಸುತ್ತದೆ, ಆ ಮೂರು ವರ್ಷದಲ್ಲಿ ನಿಜವಾಗಿ ಉಳಿದದ್ದು ಇದೇ. ಬೋರ್ಡ್ ಹೋಯಿತು, ಲೈನ್ ಮನೆಯ ಶೌಚಾಲಯ ಉಳಿಯಿತು.

ಬೆಲೆಯ ವಿಷಯ. ಕೊಳ್ಳುವವರು ಮಾರುಕಟ್ಟೆ ಬೆಲೆಯ ಮೇಲೆ ಒಂದಿಷ್ಟು ಹಣವನ್ನು ಬೇರೆಯಾಗಿ ಕೊಡಲೇಬೇಕು ಅಂತ ನಿಯಮ ಹೇಳುತ್ತದೆ. ಕಾಫಿಗೆ ಎಷ್ಟು ಅಂತ ಮಾತ್ರ ಹೇಳುವುದಿಲ್ಲ. ಅದು ಮಾತುಕತೆಯ ಮೇಲೆ. ಗುಂಪಿನಲ್ಲಿ ಮಾತುಕತೆ ಮಾಡುವವರು ನೀವಲ್ಲ, ಗುಂಪಿನ ಮ್ಯಾನೇಜರ್.

ಫೋರ್‌ಸಿ ಮತ್ತು ಕೆಫೆ ಪ್ರಾಕ್ಟೀಸಸ್

ಫೋರ್‌ಸಿ ಕಾಫಿಗೆಂದೇ ಹುಟ್ಟಿದ ಸರ್ಟಿಫಿಕೇಟ್. ಮೊದಲ ಮೆಟ್ಟಿಲು ಅನ್ನಬಹುದು. ಕೇಳುವುದು ಕಪ್ಪೆಗಿಂತ ಕಡಿಮೆ, ಸಿಗುವುದೂ ಕಡಿಮೆ. ಸರ್ಟಿಫಿಕೇಟ್ ಸಾಮಾನ್ಯವಾಗಿ ಒಬ್ಬ ವ್ಯಾಪಾರಿಯದ್ದೋ ಕ್ಯೂರಿಂಗ್ ವರ್ಕ್ಸ್‌ನದ್ದೋ (ಕಾಫಿ ಸಿಪ್ಪೆ ತೆಗೆದು ಹಸನು ಮಾಡುವ ಕಾರ್ಖಾನೆ) ಹೆಸರಲ್ಲಿ ಇರುತ್ತದೆ. ಇನ್‌ಸ್ಟಂಟ್ ಕಾಫಿ ಮಾಡುವ ದೊಡ್ಡ ಕಂಪನಿಗಳಿಗೆ ರೋಬಸ್ಟಾ ಹೋಗುವ ದಾರಿಯಲ್ಲಿ ಇದು ಜಾಸ್ತಿ ಕಾಣುತ್ತದೆ. ರೋಬಸ್ಟಾ ಚೆರಿಯನ್ನು ಕಣದಲ್ಲಿ ಒಣಗಿಸಿ ಹಾಗೇ ಮಾರುವವರಿಗೆ, ಖರ್ಚು ತಮ್ಮ ಮೇಲೆ ಬರದಿದ್ದರೆ, ಸೇರಲು ಅಡ್ಡಿ ಇಲ್ಲ.

ಕೆಫೆ ಪ್ರಾಕ್ಟೀಸಸ್ ಸ್ಟಾರ್‌ಬಕ್ಸ್‌ನದ್ದು. 2004ರಿಂದ ಇದೆ. ಅಂಕ ಕೊಡುವ ಪದ್ಧತಿ. ಹೊರಗಿನವರು ಬಂದು ಪರಿಶೀಲಿಸುತ್ತಾರೆ, ಆದರೆ ಕೊಳ್ಳುವವರು ಒಬ್ಬರೇ. ಒಬ್ಬರೇ ಕೊಳ್ಳುವ ಕಡೆ ಬೆಲೆ ಒಳ್ಳೆಯದಿದ್ದರೆ ಸುಖ, ಅವರು ಬೇಡ ಅಂದ ದಿನ ಕಾಗದಕ್ಕೆ ಬೆಲೆ ಇಲ್ಲ. ನನ್ನ ಕತೆ ಓದಿದಿರಲ್ಲ.

ಫೇರ್‌ಟ್ರೇಡ್: ಒಬ್ಬಂಟಿ ತೋಟಕ್ಕೆ ಬಾಗಿಲಿಲ್ಲ

ತುಂಬಾ ಜನ ಕೇಳುತ್ತಾರೆ, "ಫೇರ್‌ಟ್ರೇಡ್‌ನಲ್ಲಿ ಬೆಲೆ ಗ್ಯಾರಂಟಿ ಅಂತಲ್ಲ?" ಹೌದು. ಉಳಿದವುಗಳಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸವೇ ಅದು. ತೊಳೆದ ಅರೇಬಿಕಾಕ್ಕೆ ಪೌಂಡಿಗೆ 1.80 ಡಾಲರ್ ಅಂತ 2023ರಲ್ಲಿ ಕನಿಷ್ಠ ಬೆಲೆ ಕಟ್ಟಿದರು. ಮಾರುಕಟ್ಟೆ ಅದಕ್ಕಿಂತ ಕೆಳಗೆ ಬಿದ್ದರೂ ಅಷ್ಟು ಕೊಡಬೇಕು. ಅದರ ಮೇಲೆ ಪೌಂಡಿಗೆ 20 ಸೆಂಟ್ ಪ್ರೀಮಿಯಂ.

ಎರಡು ವಿಷಯ ಜೊತೆಗೆ ತಿಳಿದಿರಲಿ. ಕಾಫಿಯಲ್ಲಿ ಇದು ಸಣ್ಣ ಬೆಳೆಗಾರರ ಸಂಘಗಳಿಗೆ ಮಾತ್ರ. ಆಳು ಇಟ್ಟುಕೊಂಡು ನಡೆಸುವ ಎಸ್ಟೇಟಿಗೆ ಇಲ್ಲಿ ಜಾಗ ಇಲ್ಲ, ಎಷ್ಟೇ ಒಳ್ಳೆಯ ಎಸ್ಟೇಟ್ ಆಗಿರಲಿ. ಮತ್ತೆ, ಆ ಪ್ರೀಮಿಯಂ ನಿಮ್ಮ ಜೇಬಿಗೆ ನೇರ ಬರುವುದಿಲ್ಲ. ಸಂಘಕ್ಕೆ ಹೋಗುತ್ತದೆ, ಸದಸ್ಯರು ಸಭೆ ಸೇರಿ ಏನು ಮಾಡಬೇಕು ಅಂತ ತೀರ್ಮಾನಿಸುತ್ತಾರೆ. ಒಂದು ಪಲ್ಪರ್ (ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ) ಇಡಬಹುದು, ಕಣಕ್ಕೆ ಸಿಮೆಂಟ್ ಹಾಕಿಸಬಹುದು.

ಇನ್ನು ಬೆಲೆಯ ಗ್ಯಾರಂಟಿ. 2025ರ ಫೆಬ್ರವರಿಯಲ್ಲಿ ಅರೇಬಿಕಾ ಪೌಂಡಿಗೆ 4 ಡಾಲರ್ ದಾಟಿತ್ತು. ಅಂಥ ವರ್ಷ 1.80ರ ನೆಲ ಯಾರ ಕಾಲಿಗೂ ತಾಗುವುದಿಲ್ಲ. ಆದರೆ ಕಾಫಿ ಬೆಲೆ ಮೇಲೇ ಇರುತ್ತದೆ ಅಂತ ನಂಬುವವರು ಈ ಶತಮಾನದ ಮೊದಲ ಎರಡು ಮೂರು ವರ್ಷ ಕೊಡಗಿನಲ್ಲಿ ಇರಲಿಲ್ಲ ಅನ್ನಿಸುತ್ತದೆ. ಕೊಯ್ಲಿನ ಕೂಲಿಯೂ ಹುಟ್ಟದ ಬೆಲೆ ನೋಡಿದವರಿಗೆ ಈ ನೆಲದ ಅರ್ಥ ಗೊತ್ತು. ಎಫ್‌ಪಿಒ (ರೈತ ಉತ್ಪಾದಕರ ಸಂಸ್ಥೆ) ಕಟ್ಟಿಕೊಂಡ ಸಣ್ಣ ಬೆಳೆಗಾರರು ಇದನ್ನು ಒಮ್ಮೆ ನೋಡಲೇಬೇಕು. ಇಲ್ಲಿ ಸರ್ಟಿಫಿಕೇಟ್ ಸಂಘದ ಹೆಸರಲ್ಲಿ, ಅಂದರೆ ನಿಮ್ಮ ಹೆಸರಲ್ಲಿ.

ಸಾವಯವ: ಬೆಲೆ ಜಾಸ್ತಿ, ದಾರಿ ಉದ್ದ

ಸಾವಯವಕ್ಕೆ ಎರಡು ದಾರಿ. ರಫ್ತಿಗೆ ಎನ್‌ಪಿಒಪಿ. 2001ರಿಂದ ಇದೆ, ಕೃಷಿ ರಫ್ತು ನೋಡುವ ಕೇಂದ್ರ ಸಂಸ್ಥೆ ಎಪಿಡಾ ನೋಡಿಕೊಳ್ಳುತ್ತದೆ. ಊರೊಳಗಿನ ಮಾರಾಟಕ್ಕೆ ಪಿಜಿಎಸ್. ಅದರಲ್ಲಿ ಅಕ್ಕಪಕ್ಕದ ಐದಾದರೂ ರೈತರು ಗುಂಪು ಮಾಡಿಕೊಂಡು ಒಬ್ಬರ ತೋಟವನ್ನು ಇನ್ನೊಬ್ಬರು ನೋಡಿ ಸಹಿ ಹಾಕುತ್ತಾರೆ. ಖರ್ಚು ತೀರಾ ಕಡಿಮೆ. ಆದರೆ ಪಿಜಿಎಸ್ ಹಿಡಿದುಕೊಂಡು ಜರ್ಮನಿಗೆ ಕಾಫಿ ಕಳಿಸಲು ಆಗುವುದಿಲ್ಲ. ಹೋಂಸ್ಟೇಗೆ ಬರುವ ಬೆಂಗಳೂರಿನವರಿಗೆ ಪುಡಿ ಮಾರುವವರಿಗೆ ಪಿಜಿಎಸ್ ಸಾಕು, ಎನ್‌ಪಿಒಪಿ ಸುಮ್ನೆ ಭಾರ.

ಎನ್‌ಪಿಒಪಿಯಲ್ಲಿ ಕಾಫಿಯಂಥ ಬಹುವಾರ್ಷಿಕ ಬೆಳೆಗೆ ಮೂರು ವರ್ಷದ ಬದಲಾವಣೆಯ ಅವಧಿ. ಈ ಮೂರು ವರ್ಷ ರಾಸಾಯನಿಕ ಹಾಕುವ ಹಾಗಿಲ್ಲ, ಸಾವಯವ ಅಂತ ಮಾರುವ ಹಾಗೂ ಇಲ್ಲ. ಇಳುವರಿ ಇಳಿಯುವುದು ಈ ಹೊತ್ತಿನಲ್ಲೇ. ಬೆಲೆ ಏರುವುದು ಅದು ಮುಗಿದ ಮೇಲೆ. ಮಧ್ಯದ ಮೂರು ಕೊಯ್ಲನ್ನು ಯಾವ ದುಡ್ಡಿನಲ್ಲಿ ದಾಟುತ್ತೀರಿ ಅನ್ನುವುದಕ್ಕೆ ಉತ್ತರ ಇದ್ದರೆ ಮಾತ್ರ ಇಳಿಯಿರಿ.

ಅರೇಬಿಕಾ ಇರುವವರಿಗೆ ಬಿಳಿ ಕಾಂಡಕೊರಕದ ಭಯ. ಸಾವಯವದಲ್ಲಿ ಕಾಂಡ ಉಜ್ಜುವುದು, ಸುಣ್ಣ ಬಳಿಯುವುದು, ಹುಳ ಬಿದ್ದ ಗಿಡ ಕಿತ್ತು ಸುಡುವುದು, ನೆರಳು ಸರಿಯಾಗಿ ಇಡುವುದು, ಇಷ್ಟೇ ಆಯುಧ. ಎಲ್ಲದಕ್ಕೂ ಆಳು ಬೇಕು. ಶಾಂತಳ್ಳಿ, ಸೋಮವಾರಪೇಟೆ ಕಡೆಯ ಅರೇಬಿಕಾದವರು ಈ ಮಾತು ಕೇಳಿ ನಿಟ್ಟುಸಿರು ಬಿಡುತ್ತಾರೆ. ರೋಬಸ್ಟಾಕ್ಕೆ ಕಾಂಡಕೊರಕದ ಕಾಟ ಅಷ್ಟಿಲ್ಲ. ಕಾಯಿಕೊರಕಕ್ಕೆ ಟ್ರ್ಯಾಪ್ ಇದೆ, ಹುಳ ಕೊಲ್ಲುವ ಬ್ಯೂವೇರಿಯಾ ಶಿಲೀಂಧ್ರ ಇದೆ, ಉದುರಿದ ಕಾಯಿ ಹೆಕ್ಕುವುದಿದೆ. ಆದರೆ ರೋಬಸ್ಟಾದ ಹಸಿವು ಜಾಸ್ತಿ. ಅಷ್ಟು ಕೊಟ್ಟಿಗೆ ಗೊಬ್ಬರ ಎಲ್ಲಿಂದ? ಹಟ್ಟಿಯಲ್ಲಿ ದನ ಇರುವ ಮನೆ ಈಗ ಎಷ್ಟಿವೆ? ಬೋರ್ಡೋ ದ್ರಾವಣಕ್ಕೂ ಮಿತಿ ಇದೆ. ಮೈಲುತುತ್ತದ ತಾಮ್ರ ಮಣ್ಣಿನಲ್ಲಿ ಉಳಿಯುತ್ತದೆ ಅಂತ. ಯೂರೋಪಿನ ಮಿತಿ ಏಳು ವರ್ಷಕ್ಕೆ ಹೆಕ್ಟೇರಿಗೆ 28 ಕಿಲೋ ತಾಮ್ರ. ಕಾಫಿಗೂ ಅದೇ, ಮೆಣಸಿನ ಬಳ್ಳಿಗೂ ಅದೇ ಹೊಡೆಯುವವರು ಲೆಕ್ಕ ಇಡಬೇಕು.

ಪಕ್ಕದವರ ಮದ್ದಿನ ಗಾಳಿ ನಿಮ್ಮ ಗಿಡಕ್ಕೆ ಬರದಂತೆ ಅಂಚಿನಲ್ಲಿ ಜಾಗ ಬಿಡಬೇಕು. ಐದು ಎಕರೆ ತೋಟ ಉದ್ದಕ್ಕೆ ಇದ್ದರೆ, ಸುತ್ತಲೂ ಬಿಟ್ಟ ಮೇಲೆ ಉಳಿಯುವುದೆಷ್ಟು ಅಂತ ಒಮ್ಮೆ ನಡೆದು ನೋಡಿ.

ಹಕ್ಕಿಸ್ನೇಹಿ ಅನ್ನುವ ಇನ್ನೊಂದು ಇದೆ, ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯದ್ದು. ಮೊದಲು ಸಾವಯವ ಆಗಿರಬೇಕು. ಅದರ ಮೇಲೆ ಶೇ 40ರಷ್ಟು ನೆರಳು, ಹತ್ತಕ್ಕೂ ಜಾಸ್ತಿ ಜಾತಿಯ ಮರ, ಮೇಲಿನ ಮರಗಳು 12 ಮೀಟರಾದರೂ ಎತ್ತರ. ಓದುವಾಗ ನಮ್ಮ ಅಜ್ಜನ ಕಾಲದ ತೋಟದ ವರ್ಣನೆ ಓದಿದ ಹಾಗೆ ಆಯಿತು. ಅತ್ತಿ ಹಣ್ಣಾದಾಗ ಮಂಗಟ್ಟೆ ಬರುತ್ತಿದ್ದ ತೋಟ ಅದು. ಕೊಡಗಿಗೆ ಹೊಂದುವಂಥ ಸರ್ಟಿಫಿಕೇಟ್ ಇದ್ದರೆ ಇದೇ ಅಂತ ನನ್ನ ಮನಸ್ಸು ಹೇಳುತ್ತದೆ. ಕೊಳ್ಳುವವರು ಬೆರಳೆಣಿಕೆ ಅಂತ ಬುದ್ಧಿ ಹೇಳುತ್ತದೆ.

ಯೂರೋಪಿನ ಕಾನೂನು: ಇದು ಆಯ್ಕೆಯಲ್ಲ

ಭಾರತದ ಕಾಫಿಯಲ್ಲಿ ಸುಮಾರು ಶೇ 70 ಹೊರದೇಶಕ್ಕೆ ಹೋಗುತ್ತದೆ. ಅದರಲ್ಲಿ ದೊಡ್ಡ ಪಾಲು ಯೂರೋಪಿಗೆ, ಅದರಲ್ಲೂ ಇಟಲಿಗೆ. ಕಾಡು ಕಡಿದ ಜಾಗದ ಕಾಫಿ ಬೇಡ ಅಂತ ಯೂರೋಪ್ 2023ರಲ್ಲಿ ಕಾನೂನು ಮಾಡಿತು. ಇಯುಡಿಆರ್ ಅಂತ ಎಲ್ಲರ ಬಾಯಲ್ಲೂ ಇದೆ. 2020ರ ಡಿಸೆಂಬರ್ 31ರ ನಂತರ ಕಾಡಾಗಿದ್ದ ಜಾಗ ತೋಟ ಆಗಿರಬಾರದು. ಜಾರಿಯ ದಿನ ಎರಡು ಸಲ ಮುಂದಕ್ಕೆ ಹೋಗಿ, ದೊಡ್ಡ ಮತ್ತು ಮಧ್ಯಮ ಕಂಪನಿಗಳಿಗೆ 2026ರ ಡಿಸೆಂಬರ್ 30ಕ್ಕೆ ಬಂದು ನಿಂತಿದೆ. ಭಾರತವನ್ನು ಕಡಿಮೆ ಅಪಾಯದ ದೇಶಗಳ ಪಟ್ಟಿಯಲ್ಲಿ ಇಟ್ಟಿದ್ದಾರೆ. ಅದರಿಂದ ಕೊಳ್ಳುವವರ ಕೆಲಸ ಸ್ವಲ್ಪ ಹಗುರ.

"ನನಗೆ ಕಪ್ಪೆ ಇದೆ, ಇಯುಡಿಆರ್ ಬೇಡ" ಅನ್ನುವವರಿಗೆ: ಬೇಕು. ಯಾವ ಖಾಸಗಿ ಸರ್ಟಿಫಿಕೇಟೂ ಈ ಕಾನೂನಿಗೆ ಬದಲಿ ಅಲ್ಲ. ಹೆಚ್ಚೆಂದರೆ ದಾಖಲೆ ಜೋಡಿಸಲು ಸಹಾಯ ಆಗುತ್ತದೆ. ತೋಟ 4 ಹೆಕ್ಟೇರಿಗಿಂತ, ಅಂದರೆ ಸುಮಾರು 10 ಎಕರೆಗಿಂತ ಜಾಸ್ತಿ ಇದ್ದರೆ ಸುತ್ತಲೂ ನಡೆದು ಗಡಿಯ ನಕ್ಷೆ ಮಾಡಬೇಕು. ಕಡಿಮೆ ಇದ್ದರೆ ಒಂದು ಬಿಂದು ಸಾಕು. ಕಾಫಿ ಬೋರ್ಡ್ ಇದಕ್ಕೆ ಮೊಬೈಲ್ ಆ್ಯಪ್ ಮಾಡಿದೆ, ನೋಂದಣಿಗೆ ದುಡ್ಡಿಲ್ಲ. ಗೊತ್ತಾಗದಿದ್ದರೆ ಸಂಪರ್ಕಾಧಿಕಾರಿ ಕಚೇರಿಗೆ ಹೋಗಿ ಕೇಳಿ. ಬೇರೆ ಏನನ್ನೂ ಮಾಡದವರು ಇದೊಂದನ್ನು ಮಾಡಿಟ್ಟುಕೊಳ್ಳಿ.

ಕೊಡಗಿನಲ್ಲಿ ಕಾಡಿಗಿಂತ ಜಾಸ್ತಿ ಕಾಡುವುದು ಪಹಣಿ. ಮಾಲನ್ನು ಆಯಾ ದೇಶದ ಕಾನೂನಿನ ಪ್ರಕಾರ ಬೆಳೆದಿರಬೇಕು, ಜಾಗದ ಹಕ್ಕು ಸರಿಯಾಗಿ ಇರಬೇಕು ಅಂತ ಯೂರೋಪಿನ ಕಾನೂನು ಕೇಳುತ್ತದೆ. ರೇನ್‌ಫಾರೆಸ್ಟ್ ಅಲಯನ್ಸ್ ಕೂಡ ಕೇಳುತ್ತದೆ. ನಮ್ಮಲ್ಲಿ ಜಮ್ಮಾ ಜಾಗ, ಅಂದರೆ ಇಡೀ ಒಕ್ಕಕ್ಕೆ (ಕುಲದ ಕುಟುಂಬಕ್ಕೆ) ವಂಶದಿಂದ ಬಂದದ್ದು. ಪಟ್ಟೆದಾರರು (ಒಕ್ಕದ ಪರವಾಗಿ ದಾಖಲೆಯಲ್ಲಿ ಹೆಸರಿರುವ ಹಿರಿಯರು) ತೀರಿಕೊಂಡು ಎರಡು ತಲೆಮಾರು ಆಗಿರುತ್ತದೆ. ಒಕ್ಕದ ಹತ್ತು ಹೆಸರು ಒಂದೇ ಪಹಣಿಯಲ್ಲಿ ಇರುತ್ತವೆ. ಅದರಲ್ಲಿ ನಾಲ್ಕು ಜನ ಬೆಂಗಳೂರು, ಮೈಸೂರು, ಇಬ್ಬರು ಅಮೆರಿಕ. ತೋಟ ಮಾಡುವವನು ಒಬ್ಬ. ಅವನ ಹೆಸರೇ ಪಹಣಿಯಲ್ಲಿ ಇರುವುದಿಲ್ಲ. ಪಕ್ಕದಲ್ಲಿ ಬಾಣೆ (ಗದ್ದೆಗೆ ಸೇರಿದ ಮರಗಾಡಿನ ಜಾಗ), ಅದರಾಚೆ ದೇವರಕಾಡು, ಗಡಿ ಎಲ್ಲಿ ಅಂತ ಹಿರಿಯರಿಗೆ ಮಾತ್ರ ಗೊತ್ತು. ಕೆನ್ಯಾದಿಂದಲೋ ಬ್ರೆಜಿಲ್‌ನಿಂದಲೋ ತಂದ ನಮೂನೆಯಲ್ಲಿ ಇದಕ್ಕೆ ಕಾಲಂ ಇಲ್ಲ. ಯಾವ ಸರ್ಟಿಫಿಕೇಟಿಗೆ ಹೊರಟರೂ ಮೊದಲು ಒಕ್ಕದವರ ಒಪ್ಪಿಗೆ ಪತ್ರ ಮಾಡಿಸಿಟ್ಟುಕೊಳ್ಳಿ. ಇಲ್ಲದಿದ್ದರೆ ಆಡಿಟಿನ ಹಿಂದಿನ ರಾತ್ರಿ ಅಣ್ಣನಿಗೆ, ಚಿಕ್ಕಪ್ಪನಿಗೆ ಫೋನ್ ಮಾಡುತ್ತಾ ಕೂರಬೇಕಾಗುತ್ತದೆ. ನಾನು ಕೂತಿದ್ದೇನೆ.

ದುಡ್ಡಿನ ಲೆಕ್ಕ

ಸುಮ್ನೆ ಲೆಕ್ಕಕ್ಕೆ ಹೀಗೆ ಹಿಡಿಯೋಣ. ಹತ್ತು ಎಕರೆ ರೋಬಸ್ಟಾ, 50 ಕಿಲೋದ 200 ಚೀಲ ಚೆರಿ. ಔಟ್‌ಟರ್ನ್ 26 ಬಂದರೆ, ಅಂದರೆ ಒಂದು ಚೀಲ ಚೆರಿಯಿಂದ 26 ಕಿಲೋ ಬೀಜ ಸಿಕ್ಕರೆ, 5,200 ಕಿಲೋ ಕ್ಲೀನ್ ಕಾಫಿ. ಕಿಲೋಗೆ 3 ರೂಪಾಯಿ ಪ್ರೀಮಿಯಂ ಸಿಕ್ಕಿತು ಅಂದುಕೊಳ್ಳಿ. ಒಟ್ಟು 15,600 ರೂಪಾಯಿ. ಈಗ ಇನ್ನೊಂದು ಲೆಕ್ಕ. ಚೀಲಕ್ಕೆ 100 ರೂಪಾಯಿ ಏರುಪೇರು ಆದರೆ 200 ಚೀಲಕ್ಕೆ 20,000. ಚೀಲದ ಬೆಲೆ 10,000 ದಾಟಿದ ಕಾಲದಲ್ಲಿ 100 ರೂಪಾಯಿ ಒಂದೇ ಬೆಳಿಗ್ಗೆ ಆಚೀಚೆ ಆಗುತ್ತದೆ. ಇಡೀ ವರ್ಷದ ಪ್ರೀಮಿಯಂಗಿಂತ ಯಾವ ದಿನ ಮಾರಿದಿರಿ ಅನ್ನುವುದೇ ದೊಡ್ಡದಾಯಿತು. ಔಟ್‌ಟರ್ನ್‌ನಲ್ಲಿ ಅರ್ಧ ಕಿಲೋ ಕಡಿಮೆ ಹಾಕಿದರೂ ಅಷ್ಟೇ, ಪ್ರೀಮಿಯಂ ಅಲ್ಲೇ ಕರಗಿತು.

ಹಾಗಾಗಿ ಒಬ್ಬಂಟಿಯಾಗಿ ಆಡಿಟ್ ಖರ್ಚು ಹಾಕಿಕೊಂಡು ಕಪ್ಪೆಯ ಬೋರ್ಡ್ ತರುವುದು ಹತ್ತು ಎಕರೆಯವರಿಗೆ ಹೊಂದುವುದಿಲ್ಲ. ಗುಂಪಿನಲ್ಲಿ ಸೇರಿ. ಆದರೆ ಸೇರುವ ಮುಂಚೆ ಕೇಳಬೇಕಾದದ್ದು ಕೇಳಿ. ಸರ್ಟಿಫಿಕೇಟ್ ಯಾರ ಹೆಸರಲ್ಲಿ? ಬಿಟ್ಟು ಹೋದರೆ ನನ್ನ ತೋಟದ ನಕ್ಷೆ, ಡೈರಿಯ ಪ್ರತಿ ನನಗೆ ಸಿಗುತ್ತದಾ? ನಿಮಗಲ್ಲದೆ ಬೇರೆಯವರಿಗೆ ಮಾರಬಹುದಾ? ಪ್ರೀಮಿಯಂ ಬಿಲ್ಲಿನಲ್ಲಿ ಬೇರೆ ಸಾಲಿನಲ್ಲಿ ಬರೆಯುತ್ತೀರಾ, ಇಲ್ಲ "ಎಲ್ಲ ಸೇರಿ ಇಷ್ಟು" ಅನ್ನುತ್ತೀರಾ? ಈ ಕೊನೆಯದಕ್ಕೆ ತಡವರಿಸಿದರೆ ಎದ್ದು ಬನ್ನಿ. ಎಲ್ಲ ಸೇರಿ ಅಂದರೆ ಏನೂ ಸೇರಿಲ್ಲ ಅಂತ.

ನನ್ನನ್ನು ಕೇಳಿದರೆ ಹೀಗೆ. ಸಿದ್ದಾಪುರ, ಪೊನ್ನಂಪೇಟೆ ಕಡೆ ಚೆರಿ ಮಾರುವ ಸಣ್ಣ ರೋಬಸ್ಟಾ ತೋಟಕ್ಕೆ ಇಯುಡಿಆರ್ ನೋಂದಣಿ, ಜೊತೆಗೆ ಖರ್ಚಿಲ್ಲದ ಯಾವುದಾದರೂ ಒಂದು ಗುಂಪು. ಪಲ್ಪರ್ ಇಟ್ಟು ಪಾರ್ಚ್‌ಮೆಂಟ್ (ಹಣ್ಣು ಸುಲಿದು ತೊಳೆದು ಒಣಗಿಸಿದ ಕಾಫಿ) ಮಾಡುವ ಇಪ್ಪತ್ತು, ಮೂವತ್ತು ಎಕರೆಯವರಿಗೆ ರೇನ್‌ಫಾರೆಸ್ಟ್ ಅಲಯನ್ಸ್. ಆದರೆ ಪಲ್ಪರಿನ ನೀರಿಗೆ ಗುಂಡಿ, ಸುಣ್ಣ, ಶುದ್ಧೀಕರಣ ಮೊದಲು. ಆ ಹುಳಿ ನೀರು ತೋಡಿಗೆ, ತೋಡಿನಿಂದ ಕಾವೇರಿಗೆ ಹೋಗುತ್ತದೆ. ಅದಕ್ಕೆ ಆಡಿಟರ್ ಹೇಳುವವರೆಗೆ ಕಾಯಬೇಕಾಗಿಲ್ಲ, ಮಾಲಿನ್ಯ ನಿಯಂತ್ರಣ ಮಂಡಳಿ ಇದೆ. ನಾಪೋಕ್ಲು, ಭಾಗಮಂಡಲದ ಕಡೆ ಹೇಗೂ ಮದ್ದು ಹಾಕದೆ ಬಿಟ್ಟ ಹಳೆಯ ತೋಟ ಇದ್ದರೆ, ಅವರಿಗೆ ಸಾವಯವದ ಮೂರು ವರ್ಷ ಭಾರ ಅನ್ನಿಸುವುದಿಲ್ಲ. ಇಳುವರಿ ಇಳಿಯಲು ಅಲ್ಲಿ ಜಾಗವೇ ಇಲ್ಲ.

ಪ್ಯಾಕೆಟ್ ಮೇಲೆ ಬರೆಯುವವರಿಗೆ

ಸ್ವಂತ ಬ್ರ್ಯಾಂಡ್ ಮಾಡಿ ಪುಡಿ ಮಾರುವವರು ಈಗ ಪ್ರತಿ ತಿರುವಿನಲ್ಲೂ ಇದ್ದಾರೆ. "ಪರಿಸರ ಸ್ನೇಹಿ", "ನೂರಕ್ಕೆ ನೂರು ಹಸಿರು" ಅಂತ ಪ್ಯಾಕೆಟ್ ಮೇಲೆ ಹಾಕುವ ಮುಂಚೆ ನಿಧಾನ. 2024ರ ಅಕ್ಟೋಬರಿನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಇಂಥ ಹಸಿರು ಮಾತಿಗೆ ಮಾರ್ಗಸೂಚಿ ತಂದಿದೆ. ಹೇಳಿದ್ದಕ್ಕೆ ಪುರಾವೆ ಇರಬೇಕು. ಯೂರೋಪಿನಲ್ಲಿ 2026ರ ಸೆಪ್ಟೆಂಬರ್ 27ರಿಂದ ತಾವೇ ಮಾಡಿಕೊಂಡ ಹಸಿರು ಮುದ್ರೆಗಳಿಗೆ ನಿಷೇಧ. ಅದಕ್ಕಿಂತ "ನೆರಳಿನಲ್ಲಿ ಬೆಳೆದ ಕಾಫಿ, ನಮ್ಮ ತೋಟದಲ್ಲಿ ಇಷ್ಟು ಜಾತಿಯ ಮರ" ಅಂತ ಎಣಿಸಿ ಬರೆಯಿರಿ. ನಿಜ ಆಗಿದ್ದರೆ ಯಾರಿಗೂ ಹೆದರಬೇಕಾಗಿಲ್ಲ.

ಜಿಐ (ಭೌಗೋಳಿಕ ಸೂಚಕ) ಗುರುತನ್ನು ಪರಿಸರದ ಸರ್ಟಿಫಿಕೇಟ್ ಅಂದುಕೊಂಡವರೂ ಇದ್ದಾರೆ. 2019ರಲ್ಲಿ ಕೂರ್ಗ್ ಅರೇಬಿಕಾಕ್ಕೆ ಸಿಕ್ಕಿತು. ಅದು ಎಲ್ಲಿ ಬೆಳೆದದ್ದು ಅಂತ ಹೇಳುತ್ತದೆ, ಹೇಗೆ ಬೆಳೆದದ್ದು ಅಂತ ಅಲ್ಲ. ಅದೂ ಅರೇಬಿಕಾಕ್ಕೆ ಮಾತ್ರ. ನಾವು ಜಾಸ್ತಿ ಬೆಳೆಯುವ ರೋಬಸ್ಟಾಕ್ಕೆ ಆ ಗುರುತು ಹಾಕಿದರೆ ತಪ್ಪಾಗುತ್ತದೆ.

ಯಾವಾಗ ಶುರು ಮಾಡುವುದು

ಆಡಿಟ್ ಕೊಯ್ಲಿನ ಹೊತ್ತಿಗೇ ಬರುತ್ತದೆ, ಕೆಲಸದವರು ಇರಬೇಕಲ್ಲ. ಆ ಗಡಿಬಿಡಿಯಲ್ಲಿ ಕಾಗದ ಹುಡುಕಿದರೆ ಸಿಗುವುದಿಲ್ಲ. ಕಕ್ಕಡದಲ್ಲಿ (ಜುಲೈ-ಆಗಸ್ಟ್ ಹೊತ್ತಿನ ಕೊಡವ ತಿಂಗಳು) ಮಳೆ ಹಿಡಿದು ಕೂತಾಗ ಹೊರಗಿನ ಕೆಲಸ ಕಡಿಮೆ. ಗೊಬ್ಬರದ ಬಿಲ್ಲು, ಮದ್ದಿನ ಬಿಲ್ಲು, ಚೆಕ್‌ರೋಲ್, ಪಹಣಿ, ಒಕ್ಕದ ಒಪ್ಪಿಗೆ ಪತ್ರ ಎಲ್ಲವನ್ನೂ ಒಂದು ಫೈಲಿಗೆ ಹಾಕಿ. ಮದ್ದು ಹೊಡೆದ ದಿನ, ಎಷ್ಟು, ಯಾವ ಬ್ಲಾಕಿಗೆ ಅಂತ ರೈಟರ್ (ತೋಟದ ಗುಮಾಸ್ತ) ಹತ್ತಿರ ಅದೇ ದಿನ ಬರೆಸಿ. ನಮ್ಮ ಮನೆಯಲ್ಲಿ ಆ ಡೈರಿ ಈಗಲೂ ನಡೆಯುತ್ತಿದೆ. ಈ ಸಲ ಅದರ ಮೊದಲ ಪುಟದಲ್ಲಿ ನಮ್ಮ ಸಂಘದ ಹೆಸರಿದೆ. ಒಟ್ಟು ಮೂವತ್ತೊಂದು ಮನೆ. ಗೇಟಿಗೆ ಬೋರ್ಡ್ ಇನ್ನೂ ಹಾಕಿಲ್ಲ. ಹಳೆಯ ಬೋರ್ಡಿನ ತಗಡು ಕೋಳಿಗೂಡಿನ ಮೇಲಿದೆ, ಮಳೆಗೆ ಚೆನ್ನಾಗಿ ತಡೆಯುತ್ತದೆ.